ಪೆಟ್ರೋಲ್ ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಹಾಕಿ ನೋಡಿದ ನನ್ನ ಅನುಭವ

ನಮ್ಮದು 2014ರ ಕಾರು, ಮೂರು ಸಿಲಿಂಡರಿನ ಪೆಟ್ರೋಲ್ ಗಾಡಿ. ಇರುವುದು ಹಾಸನದಲ್ಲಿ. ಮನೆಯಿಂದ ಮಾರ್ಕೆಟ್ಟು, ಅಲ್ಲಿಂದ ವಾಪಸ್, ಅಷ್ಟೇ ಅದರ ಓಡಾಟ. ಮಳೆಗಾಲದಲ್ಲಂತೂ ಎಷ್ಟೋ ದಿನ ಶೆಡ್ಡಿನಿಂದ ಹೊರಗೇ ಬರುವುದಿಲ್ಲ. ಇಂಥ ಗಾಡಿಗಳಿಗೆ ಬರುವ ತೊಂದರೆಯೇ ಇದಕ್ಕೂ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ ಒಂದು ಕಡೆ ನಿಲ್ಲುತ್ತಿರಲಿಲ್ಲ, ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತಿತ್ತು, ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಜರ್ಕ್ ಹೊಡೆದು ಆಮೇಲೆ ಎಳೆಯುತ್ತಿತ್ತು.

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಅಂತ ಒಬ್ಬರು, ನುಸಿಗುಳಿಗೆ ಹಾಕಿ ಅಂತ ಇನ್ನೊಬ್ಬರು. ಎರಡನ್ನೂ ದಯವಿಟ್ಟು ಮಾಡಬೇಡಿ. ಸೀಮೆಎಣ್ಣೆಗೆ ಆಕ್ಟೇನ್, ಅಂದರೆ ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದ ಗುಣ, ತುಂಬಾ ಕಡಿಮೆ, ಎಂಜಿನ್ ನಾಕ್ ಹೊಡೆಯಲು (ಒಳಗೆ ಟಕಟಕ ಬಡಿಯಲು) ಶುರುವಾಗುತ್ತದೆ, ಮಸಿ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ನುಸಿಗುಳಿಗೆಯಿಂದ ಏನೂ ಕ್ಲೀನ್ ಆಗುವುದಿಲ್ಲ.

ಇಂಜೆಕ್ಟರ್ ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಸಣ್ಣ ನಳಿಕೆ. ಅದರ ಕ್ಲೀನರ್ ಬಾಟಲಿ ತರುವುದಕ್ಕೆ ಮುಂಚೆ ನಾನು ಬೇರೆ ಕೆಲಸಗಳನ್ನು ಮುಗಿಸಿದೆ. ಇದು ಮುಖ್ಯ, ಯಾಕೆಂದರೆ ಇಂಥ ಜರ್ಕ್‌ಗೆ ಹತ್ತು ಕಾರಣ ಇರಬಹುದು. ಏರ್ ಫಿಲ್ಟರ್ ಬದಲಾಯಿಸಿದೆ. ಎಂಜಿನ್ನಿಗೆ ಎಷ್ಟು ಗಾಳಿ ಹೋಗಬೇಕು ಅಂತ ನೋಡಿಕೊಳ್ಳುವ ಥ್ರಾಟಲ್ ಬಾಡಿ ಬಿಚ್ಚಿಸಿ ಅದರದೇ ಸ್ಪ್ರೇ ಹೊಡೆದು ಒರೆಸಿಸಿದೆ. ಪೆಟ್ರೋಲಿಗೆ ಏನು ಸುರಿದರೂ ಅದು ಥ್ರಾಟಲ್ ಬಾಡಿಗೆ ತಲುಪುವುದೇ ಇಲ್ಲ, ಅಲ್ಲಿ ಬರೀ ಗಾಳಿ ಓಡಾಡುವುದು. ಐಡ್ಲಿಂಗ್ ಸ್ವಲ್ಪ ಸುಧಾರಿಸಿತು, ಆದರೆ ಜರ್ಕ್ ಹೋಗಲಿಲ್ಲ.

ಆಮೇಲೆ ಸಿಲಿಂಡರಿನಲ್ಲಿ ಕಿಡಿ ಹೊಡೆಯುವ ಸ್ಪಾರ್ಕ್ ಪ್ಲಗ್ ತೆಗೆದೆವು. ಮೂರನ್ನೂ ಬಿಳಿ ಬಟ್ಟೆ ಮೇಲೆ ಸಾಲಾಗಿ ಇಟ್ಟಾಗ ವಿಷಯ ಕಣ್ಣಿಗೇ ಕಂಡಿತು. ಎರಡು ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿದ್ದು ಅಂಚಿನಲ್ಲಿ ತೆಳ್ಳಗೆ ಮಸಿ ಇತ್ತು. ಮಧ್ಯದ್ದು ಮಾತ್ರ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಅಂದರೆ ಆ ಒಂದು ಸಿಲಿಂಡರಿಗೆ ಪೆಟ್ರೋಲ್ ಸಾಲುತ್ತಿಲ್ಲ. ಗ್ಯಾರೇಜಿನ ಹುಡುಗ ನೋಡಿದ ಕೂಡಲೇ "ಸರ್, ಇಂಜೆಕ್ಟರ್ ಕಟ್ಟಿದೆ, ಬಿಚ್ಚಿ ಮಷೀನಿಗೆ ಹಾಕೋಣ" ಅಂದ. "ಬಿಚ್ಚೋದು ಇದ್ದೇ ಇದೆಯಲ್ಲಪ್ಪ, ಒಂದು ಟ್ಯಾಂಕ್ ಕ್ಲೀನರ್ ಹಾಕಿ ನೋಡ್ತೀನಿ" ಅಂದೆ. ಅದೇ ಹಳೇ ಪ್ಲಗ್‌ಗಳನ್ನೇ ಮತ್ತೆ ಹಾಕಿಸಿದೆ. ಹೊಸ ಪ್ಲಗ್ಗನ್ನೂ ಕ್ಲೀನರನ್ನೂ ಒಟ್ಟಿಗೆ ಹಾಕಿಬಿಟ್ಟರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುವುದಾದರೂ ಹೇಗೆ?

ಇಂಜೆಕ್ಟರ್ ಯಾಕೆ ಕಟ್ಟುತ್ತದೆ ಅಂದರೆ, ಗಾಡಿ ಓಡುತ್ತಿರುವಾಗ ಅಲ್ಲ, ಆಫ್ ಮಾಡಿದ ಮೇಲೆ. ಬಿಸಿ ಎಂಜಿನ್ ಪಕ್ಕದಲ್ಲಿ ಇಂಜೆಕ್ಟರ್ ತುದಿಯಲ್ಲಿ ಉಳಿದ ಪೆಟ್ರೋಲ್ ಹನಿ ಆವಿಯಾಗಿ ಹೋಗಿ ಜಿಗುಟು ಅಲ್ಲೇ ಉಳಿಯುತ್ತದೆ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗೆ ಇದು ಪದರ ಪದರವಾಗಿ ಕೂರುತ್ತದೆ. ಒಂದೇ ಸಮ ಹೈವೇ ಓಡುವ ಗಾಡಿಗೆ ಅಷ್ಟಾಗಿ ಬರುವುದಿಲ್ಲ.

ನನ್ನ ಹತ್ರ ಬ್ಲೂಟೂತಿನ ಒಂದು ಒಬಿಡಿ ರೀಡರ್ ಇದೆ, ಗಾಡಿಯ ಕಂಪ್ಯೂಟರಿನ ಅಂಕಿಗಳನ್ನು ಓದುವ ಸಾಧನ. ಅದರಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಅಂತ ಒಂದು ಅಂಕಿ ಬರುತ್ತದೆ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಬಿಡಬೇಕಾಗಿ ಬಂದಿದೆ ಅನ್ನುವುದೇ ಈ ಅಂಕಿ. ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು. ನಮ್ಮ ಗಾಡಿಯಲ್ಲಿ ಪ್ಲಸ್ 14, ಅಂದರೆ ಶೇ. 14 ಜಾಸ್ತಿ, ತೋರಿಸುತ್ತಿತ್ತು. ಮೈಲೇಜ್ ಲೆಕ್ಕ ಹಾಕುವುದಕ್ಕಿಂತ ಇದು ವಾಸಿ. ಮೈಲೇಜು ಟ್ರಾಫಿಕ್ಕು, ಎಸಿ, ಟೈರಿನ ಗಾಳಿ ಎಲ್ಲದಕ್ಕೂ ಏರುಪೇರಾಗುತ್ತದೆ, ಅಲ್ವಾ?

ಬಾಟಲಿ ಆರಿಸುವಾಗ ನಾನು ಬ್ರ್ಯಾಂಡ್ ನೋಡಲಿಲ್ಲ, ಒಳಗೆ ಏನಿದೆ ಅಂತ ನೋಡಿದೆ. ಬೇಕಾದದ್ದು ಪಾಲಿಈಥರ್ ಅಮೈನ್, ಅಂದರೆ ಪಿಇಎ. ಇಂಜೆಕ್ಟರ್, ವಾಲ್ವ್, ಸಿಲಿಂಡರ್ ಒಳಗಿನ ಮಸಿ, ಮೂರರ ಮೇಲೂ ಕೆಲಸ ಮಾಡುವ ಡಿಟರ್ಜೆಂಟ್ ಇದು. ಬರೀ ಸಾಲ್ವೆಂಟ್ ತುಂಬಿ 'ಪವರ್ ಬೂಸ್ಟರ್' ಅಂತ ಮಾರುವ ಅಗ್ಗದ ಬಾಟಲಿಗಳೂ ಇವೆ. ಎಂಎಂಟಿ ಅನ್ನುವ ಮ್ಯಾಂಗನೀಸ್ ರಾಸಾಯನಿಕ ಇರುವ ಆಕ್ಟೇನ್ ಬೂಸ್ಟರ್‌ಗಳಂತೂ ಬೇಡವೇ ಬೇಡ, ಅವು ಪ್ಲಗ್ ಮೇಲೆ ಕೆಂಪು ಪುಡಿಯಂಥ ಪದರ ಕೂರಿಸುತ್ತವೆ.

ನಮ್ಮ ಟ್ಯಾಂಕ್ 35 ಲೀಟರ್. ಕಾಲು ಟ್ಯಾಂಕಿಗೆ ಇಳಿದಾಗ ಬಂಕಿಗೆ ಹೋಗಿ, ಮೊದಲು ಕ್ಲೀನರ್ ಸುರಿದು, ಆಮೇಲೆ ಫುಲ್ ಮಾಡಿಸಿದೆ. ಹೀಗೆ ಮಾಡಿದರೆ ಬೀಳುವ ಪೆಟ್ರೋಲಿನ ರಭಸಕ್ಕೇ ಚೆನ್ನಾಗಿ ಬೆರೆಯುತ್ತದೆ. ಲೇಬಲ್ ಮೇಲೆ ಇಷ್ಟು ಲೀಟರಿಗೆ ಇಷ್ಟು ಅಂತ ಇರುತ್ತದೆ, ಅಷ್ಟೇ ಹಾಕಿ. ಎರಡು ಬಾಟಲಿ ಹಾಕಿದರೆ ಬೇಗ ಕ್ಲೀನ್ ಆಗುತ್ತದೆ ಅನ್ನುವುದು ಸುಳ್ಳು. ಪೇಂಟ್ ಮೇಲೆ ಹನಿ ಬಿದ್ದರೆ ತಕ್ಷಣ ಒರೆಸಿ, ಇಲ್ಲದಿದ್ದರೆ ಕಲೆಯಾಗುತ್ತದೆ.

ಆಮೇಲೆ ಓಡಿಸಬೇಕು, ಅದೂ ಒಂದೇ ಸಮನೆ. ಊರೊಳಗೇ ಆ ಟ್ಯಾಂಕ್ ಖಾಲಿ ಮಾಡಿದರೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ನನಗೆ ಬೆಂಗಳೂರಲ್ಲಿ ಕೆಲಸವೂ ಇತ್ತು, ಚನ್ನರಾಯಪಟ್ಟಣ, ಕುಣಿಗಲ್ ಮೇಲೆ ನೆಲಮಂಗಲಕ್ಕೆ ಹೋಗುವ ಹೈವೇ ಇದಕ್ಕೆ ಹೇಳಿ ಮಾಡಿಸಿದ್ದು. ಕುಣಿಗಲ್ ದಾಟುವವರೆಗೆ ಏನೂ ವ್ಯತ್ಯಾಸ ಕಾಣಲಿಲ್ಲ. ವಾಪಸ್ ಬರುವಾಗ ಟೋಲ್ ಹತ್ರ ನಿಧಾನ ಮಾಡಿ ಮತ್ತೆ ಸೆಕೆಂಡ್ ಗೇರಿನಲ್ಲಿ ಎಳೆದಾಗ ಆ ಜರ್ಕ್ ಇರಲಿಲ್ಲ. ಟ್ಯಾಂಕ್ ಮುಗಿಯುವ ಹೊತ್ತಿಗೆ ಟ್ರಿಮ್ ಪ್ಲಸ್ 8ರ ಆಸುಪಾಸಿಗೆ ಬಂತು. ಮತ್ತೆ ಪ್ಲಗ್ ತೆಗೆಸಿದೆ. ಮಧ್ಯದ್ದೂ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಇಂಜೆಕ್ಟರ್ ಬಿಚ್ಚಿಸುವ ಖರ್ಚು ಉಳಿಯಿತು.

ಟ್ರಿಮ್ ಸೊನ್ನೆಗೆ ಬರಲಿಲ್ಲವಲ್ಲ ಅಂತ ಕೇಳಬಹುದು. ಬರುವುದೂ ಇಲ್ಲ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್. ಇದನ್ನು ಬಿಡುಗಡೆ ಮಾಡಿದ್ದೇ 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಕೆಜಿ ಸಾಕು. ಹಾಗಾಗಿ ಹಳೇ ಪೆಟ್ರೋಲಿಗೆ ಲೆಕ್ಕ ಹಾಕಿದ್ದ ಗಾಡಿ ಇ20ಯಲ್ಲಿ ಅಷ್ಟೇ ಗಾಳಿಗೆ ಜಾಸ್ತಿ ಇಂಧನ ಬಿಡಲೇಬೇಕು. ಅದು ಕೊಳೆ ಅಲ್ಲ, ಅದನ್ನು ಯಾವ ಬಾಟಲಿಯೂ ತೆಗೆಯುವುದಿಲ್ಲ. 'ಎಥನಾಲ್ ಪ್ರೊಟೆಕ್ಷನ್' ಅಂತ ಬರೆದಿರುವುದನ್ನು ನೋಡಿ ಮೈಲೇಜ್ ವಾಪಸ್ ಬರುತ್ತದೆ ಅಂತ ದುಡ್ಡು ಸುರಿಯಬೇಡಿ. ಆದರೆ ಇನ್ನೊಂದು ವಿಷಯ ನೆನಪಿಡಿ. ಎಥನಾಲ್ ಹಳೇ ಟ್ಯಾಂಕಿನ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ಕಟ್ಟಬಹುದು, ನೀರನ್ನೂ ಹೀರಿಕೊಳ್ಳುತ್ತದೆ. ಕ್ಲೀನರ್ ಹಾಕಿದ ಮೇಲೆ ಗಾಡಿ ಎಳೆಯುವುದೇ ಕಡಿಮೆಯಾದರೆ ಮೊದಲು ಫ್ಯುಯೆಲ್ ಫಿಲ್ಟರ್ ನೋಡಿಸಿ.

ಟರ್ಬೊ ಜಿಡಿಐ, ಟಿಎಸ್‌ಐ ಥರದ ಡೈರೆಕ್ಟ್ ಇಂಜೆಕ್ಷನ್ ಗಾಡಿ ಇರುವವರಿಗೆ ಒಂದು ಮಾತು. ಅದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುತ್ತದೆ, ಇನ್‌ಟೇಕ್ ವಾಲ್ವ್ ಹಿಂಭಾಗಕ್ಕೆ ತಾಗುವುದೇ ಇಲ್ಲ. ಟ್ಯಾಂಕಿಗೆ ಹಾಕಿದ ಕ್ಲೀನರ್ ಇಂಜೆಕ್ಟರ್ ತುದಿಗೆ ಸಹಾಯ ಮಾಡಬಹುದು, ವಾಲ್ವ್ ಮೇಲಿನ ಮಸಿಗೆ ಬೇರೆ ಕೆಲಸವೇ ಆಗಬೇಕು. ಹಳೇ ಕಾರ್ಬುರೇಟರ್ ಬೈಕ್ ಆದರೆ ಬಾಟಲಿ ತರಲೇಬೇಡಿ. ಪೂರ್ತಿ ಕಟ್ಟಿದ ಪೈಲಟ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹೋಗುವ ಸಣ್ಣ ತೂತು) ಮೂಲಕ ಕ್ಲೀನರ್ ಹೋಗುವುದಾದರೂ ಹೇಗೆ? ಬಿಚ್ಚಿ, ಸ್ಪ್ರೇ ಹೊಡೆದು, ಗಾಳಿ ಊದಿಸಿದರೆ ಕೆಲಸ ಮುಗಿಯಿತು.

ಈಗ ನಾನು ವರ್ಷಕ್ಕೊಮ್ಮೆ ಒಂದು ಬಾಟಲಿ ಹಾಕುತ್ತೇನೆ, ಅದೂ ಎಂಜಿನ್ ಆಯಿಲ್ ಬದಲಾಯಿಸುವುದಕ್ಕೆ ಮುಂಚಿನ ಟ್ಯಾಂಕಿಗೆ. ಸಿಲಿಂಡರಿನಿಂದ ಸ್ವಲ್ಪ ಕ್ಲೀನರ್ ಆಯಿಲಿಗೂ ಇಳಿಯುತ್ತದೆ, ಹೇಗೂ ಆ ಆಯಿಲ್ ಹೊರಗೆ ಹೋಗುವುದೇ ತಾನೇ. ಜೊತೆಗೆ ಭಾನುವಾರ ಸುಮ್ನೆ ಸಕಲೇಶಪುರದ ಕಡೆ ಒಂದು ರೌಂಡ್ ಹೋಗಿ ಬರುತ್ತೇವೆ.