ಪೀಟರ್, ಪೆಪೆ, ರಂಗ: ಬೀದಿ ಮರಿಗಳಿಗೆ ಬಟ್ಟೆ ಬ್ರ್ಯಾಂಡಿನ ಹೆಸರಿಟ್ಟ ನನ್ನ ಅನುಭವ

ಬೀದಿ ನಾಯಿಮರಿಗಳಿಗೆ ಬಟ್ಟೆ ಬ್ರ್ಯಾಂಡಿನ ಹೆಸರಿಡುತ್ತೇನೆ ಅಂದಾಗ, ಇಂಥ ಮರಿಗಳನ್ನು ಸಾಕಿ ಮನೆ ಹುಡುಕಿಕೊಡೋ ನಮ್ಮ ಗುಂಪಿನಲ್ಲಿ ನಗದೇ ಇದ್ದವರು ಯಾರೂ ಇಲ್ಲ. "ಅಕ್ಕಾ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ" ಅಂದಳು ಒಬ್ಬಳು. ಈಗ ಅವಳೇ ಫೋನ್ ಮಾಡಿ ತನ್ನ ಮರಿಗಳಿಗೆ ಹೆಸರು ಕೇಳುತ್ತಾಳೆ. ಮೊದಲು ಒಂದು ಸೂಲಿನ ಮರಿಗಳೆಲ್ಲ ಮನೆ ಸೇರೋಕೆ ಮೂರು ನಾಲ್ಕು ತಿಂಗಳು ಬೇಕಿತ್ತು. ಈಚಿನ ಕೆಲವು ಸೂಲುಗಳು ಹೆಚ್ಚುಕಡಿಮೆ ಒಂದೂವರೆ ತಿಂಗಳಲ್ಲಿ ಖಾಲಿ. ಹೆಣ್ಣು ಮರಿಗಳೂ ಮನೆ ಸೇರಿದವು. ಹೆಣ್ಣು ಮರಿ ಹೋಗೋದು ಎಷ್ಟು ಕಷ್ಟ ಅಂತ ಈ ಕೆಲಸ ಮಾಡುವವರಿಗೆ ಗೊತ್ತು, ಅಲ್ವಾ?

ಲಸಿಕೆ, ಹುಳದ ಔಷಧಿ, ಮನೆ ನೋಡಿಕೊಂಡು ಬರೋದು, ಇದನ್ನೆಲ್ಲ ನಿಮಗೆ ನಾನು ಹೇಳಬೇಕಿಲ್ಲ. ಹೆಸರು ಮತ್ತು ಕಾಲರ್, ಇವೆರಡರ ವಿಷಯ ಮಾತ್ರ ಬರೆಯುತ್ತೇನೆ.

ಮೈಸೂರಿನಲ್ಲಿ ನನ್ನದು ಸಣ್ಣ ಆಲ್ಟರೇಷನ್ ಅಂಗಡಿ. ಜೀನ್ಸ್ ಉದ್ದ ಕಡಿಮೆ ಮಾಡೋದು, ಸೊಂಟ ಬಿಡಿಸೋದು, ಜಿಪ್ ಹಾಕೋದು. ದಿನಾ ಕಾಲಿನ ತುಂಡುಗಳು ರಾಶಿ ಬೀಳುತ್ತವೆ. ಮರಿಗಳಿಗೆ ಕಾಲರ್ ಕೊಂಡರೆ ಒಂದಕ್ಕೆ ನೂರಿಪ್ಪತ್ತು ನೂರೈವತ್ತು ರೂಪಾಯಿ, ತಿಂಗಳಿಗೆ ಸಣ್ಣದಾಗುತ್ತದೆ. ತುಂಡಿನಲ್ಲೇ ಹೊಲಿದರೆ ಬಕಲ್, ರಿಂಗ್ ಸೇರಿ ಇಪ್ಪತ್ತು ರೂಪಾಯಿ ಒಳಗೆ ಮುಗಿಯುತ್ತದೆ. ಹಾಗೆ ಶುರುವಾಯಿತು. ಯಾವ ಪ್ಯಾಂಟಿನ ತುಂಡೋ ಆ ಮರಿಗೆ ಅದೇ ಹೆಸರು. ಮೊದಲ ಜೀನ್ಸ್ ಸೂಲು: ಲೆವಿ, ಲೀ, ಪೆಪೆ, ರ್‍ಯಾಂಗ್ಲರ್, ಡೀಸೆಲ್.

ಅದಕ್ಕೂ ಮುಂಚೆ ನನ್ನ ಹತ್ತಿರ ಇದ್ದದ್ದೆಲ್ಲ ಕರಿಯ, ಕೆಂಚ, ಪುಟ್ಟಿ, ಟಾಮಿ. ಒಂದೇ ಸಲಕ್ಕೆ ಮೂರು ಕರಿಯ. ಲಸಿಕೆ ಕಾರ್ಡ್ ಹಿಡಿದುಕೊಂಡು ಡಾಕ್ಟರ ಮುಂದೆ ನಿಂತರೆ ಎರಡನೇ ಡೋಸ್ ಯಾವ ಕರಿಯನಿಗೆ ಆಗಿದೆ ಅಂತ ಹೇಳೋಕಾಗದೆ ಒದ್ದಾಟ. ಫ್ಯಾಷನ್ ದೊರೆ ಈವ್ ಸಾಂ ಲೊರಾಂ ತನ್ನ ಫ್ರೆಂಚ್ ಬುಲ್‌ಡಾಗ್‌ಗಳಿಗೆಲ್ಲ ಮೂಜಿಕ್ ಅಂತ ಒಂದೇ ಹೆಸರಿಟ್ಟಿದ್ದನಂತೆ. ಒಂದು ಸತ್ತ ಮೇಲೆ ಬಂದದ್ದೂ ಮೂಜಿಕ್, ಅದರ ನಂತರದ್ದೂ ಮೂಜಿಕ್. ಅವನಿಗೆ ನಡೆಯಿತು, ಮನೆಯಲ್ಲಿ ಒಂದೊಂದೇ ಇರುತ್ತಿತ್ತು. ನಮ್ಮ ಹಿತ್ತಲಲ್ಲಿ ಏಳೆಂಟು.

ಬ್ರ್ಯಾಂಡ್ ಹೆಸರಿನ ಲಾಭ ಅಂದರೆ ಒಂದು ಸೂಲಿಗೆಲ್ಲ ಒಂದೇ ಥರದ ಬ್ರ್ಯಾಂಡುಗಳ ಹೆಸರು ಹಿಡಿಯಬಹುದು. ಆಫೀಸ್ ಶರ್ಟಿನ ಸೂಲು ಪೀಟರ್, ಆಲನ್, ಲೂಯಿ, ವ್ಯಾನ್. ಪೀಟರ್ ಇಂಗ್ಲೆಂಡ್, ಆಲನ್ ಸಾಲಿ, ಲೂಯಿ ಫಿಲಿಪ್, ವ್ಯಾನ್ ಹ್ಯೂಸೆನ್ ನಾಲ್ಕೂ ಇಲ್ಲಿ ಬೆಂಗಳೂರಿನ ಒಂದೇ ಕಂಪನಿಯ ಕೈಯಲ್ಲಿವೆ, ಹಾಗಾಗಿ ಅಣ್ಣತಮ್ಮಂದಿರಿಗೆ ಸರಿಯಾಗಿ ಹೊಂದಿತು. ಎರಡು ವರ್ಷ ಬಿಟ್ಟು ಯಾರಾದರೂ "ವ್ಯಾನ್‌ಗೆ ಹುಷಾರಿಲ್ಲ" ಅಂತ ಫೋನ್ ಮಾಡಿದರೂ ಯಾವ ತಾಯಿಯ ಮರಿ, ಯಾವ ರಸ್ತೆಯದ್ದು ಅಂತ ಪುಸ್ತಕ ನೋಡದೇ ಹೇಳುತ್ತೇನೆ.

ಈಗ ಕೈ ಸುಟ್ಟುಕೊಂಡ ಕಥೆಗಳು.

ಗಂಡು ಮರಿಯೊಂದಕ್ಕೆ ಹ್ಯೂಗೋ ಅಂತ ಇಟ್ಟಿದ್ದೆ, ಹ್ಯೂಗೋ ಬಾಸ್ ನೆನಪಲ್ಲಿ. ನಮ್ಮ ಬಾಯಲ್ಲಿ ಅದು ಹೂಗೋ. ಬೀದಿಯಲ್ಲಿ ಹುಟ್ಟಿದ ಮರಿ ದಿನಾ ಕೇಳಿಕೊಂಡು ಬೆಳೆದದ್ದೇ "ಹೋಗೋ, ಹೋಗೋ". ಊಟಕ್ಕೆ ಕರೆದರೆ ಬಾಲ ಮುದುರಿಕೊಂಡು ಗೇಟಿನ ಕಡೆ ಓಟ! ಹೆಸರು ಬದಲಾಯಿಸಿ ಬಾಸ್ ಅಂತ ಮಾಡಿದ ಮೇಲೆ ಸರಿಹೋಯಿತು. ಬಾಟಾ ಇದರ ಉಲ್ಟಾ. ಯಾರು ಯಾರಿಗೆ "ಬಾ" ಅಂದರೂ ಅವನೇ ಹಾಜರು. ಗಿರಾಕಿಯನ್ನು "ಬಾಮ್ಮಾ" ಅಂದರೂ ಮೊದಲು ಒಳಗೆ ಬರೋದು ಬಾಟಾ. ಇಂಗ್ಲಿಷ್ ಪಟ್ಟಿಗಳಲ್ಲಿ ಸಿಟ್, ನೋ ಅನ್ನೋ ಪದಗಳ ಹಾಗೆ ಕೇಳಿಸೋ ಹೆಸರು ಇಡಬೇಡಿ ಅಂತ ಇರುತ್ತದೆ. ನಮ್ಮ ಮನೆಗಳಲ್ಲಿ ನೋಡಬೇಕಾದ್ದು ಬಾ, ಹೋಗು, ಬೇಡ, ಸಾಕು.

ಎರಡನೆಯದು ಅತ್ತೆಯ ಪರೀಕ್ಷೆ. ಹೆಸರಿಟ್ಟ ದಿನ ಸುಮ್ನೆ ಅತ್ತೆಯ ಹತ್ತಿರ ಹೇಳಿ ಬಿಡುತ್ತೇನೆ. ಎರಡು ದಿನ ಬಿಟ್ಟು ಅವರು ಏನಂತ ಕರೆಯುತ್ತಾರೋ ಅದೇ ಖಾಯಂ. ರ್‍ಯಾಂಗ್ಲರ್ ರಂಗ ಆದ. ಬರ್ಬೆರಿ ಬರ್ಫಿ ಆದಳು, ಬರ್ಫಿ ಹೆಸರಲ್ಲೇ ಕುವೆಂಪುನಗರದ ಒಂದು ಮನೆ ಸೇರಿದಳು. ವರ್ಸಾಚೆ ಏನಾಯಿತು ಅಂತ ಇಲ್ಲಿ ಬರೆಯೋ ಹಾಗಿಲ್ಲ. ಗುಚ್ಚಿ, ಪೆಪೆ, ಲೆವಿ, ಫೆಂಡಿ ಮಾತ್ರ ಅಲುಗಾಡಲಿಲ್ಲ. ಎರಡಕ್ಷರ, ಕೊನೆಗೆ ಸ್ವರ, ಬಾಯಿ ತುಂಬ ಕೂಗಬಹುದು. ರೇಮಂಡ್ ಥರದ ಹೆಸರು ಒಬ್ಬರಿಗೆ ರೇಮಂಡು, ಒಬ್ಬರಿಗೆ ರೇಮಂಡ, ಮಕ್ಕಳಿಗೆ ರೇಮೂ. ಪಾಪ ಮರಿಗೆ ಮೂರು ಹೆಸರು, ಯಾವುದಕ್ಕೂ ತಿರುಗುತ್ತಿರಲಿಲ್ಲ.

ಇದು ಗೊತ್ತಾಗುವ ಮುಂಚೆಯೇ ಹಿತ್ತಾಳೆ ಬಿಲ್ಲೆಗಳ ಮೇಲೆ ಬ್ರ್ಯಾಂಡ್ ಹೆಸರು ಕೆತ್ತಿಸಿ ಇಟ್ಟಿದ್ದೆ. ಒಂದಕ್ಕೆ ನೂರು ರೂಪಾಯಿ ಮೇಲೆ, ಒಟ್ಟು ಸಾವಿರದ ಚಿಲ್ಲರೆ ಹೋಯಿತು. ಅರ್ಧ ಈಗಲೂ ಗುಂಡಿ ಡಬ್ಬಿಯಲ್ಲಿ ಬಿದ್ದಿವೆ. ಈಗ ಕಾಲರಿನ ಒಳಗಡೆ ಮಷಿನ್ನಿನಲ್ಲೇ ನನ್ನ ಫೋನ್ ನಂಬರ್ ಹೊಲಿಯುತ್ತೇನೆ. ಹೆಸರು ಬದಲಾಗಬಹುದು, ನಂಬರ್ ಬದಲಾಗಲ್ಲ.

ಅಕ್ಕಪಕ್ಕದ ಮನುಷ್ಯರ ಹೆಸರೂ ನೋಡಿಕೊಳ್ಳಬೇಕು. ಶೂ ಸೂಲಿನಲ್ಲಿ ಆದಿ, ಪೂಮಾ ಅಂತ ಅಣ್ಣತಮ್ಮ ಇದ್ದರು. ಜರ್ಮನಿಯ ಒಂದೇ ಸಣ್ಣ ಊರಲ್ಲಿ ಡಾಸ್ಲರ್ ಅಣ್ಣತಮ್ಮಂದಿರು ಜಗಳ ಆಡಿಕೊಂಡು 1948ರಲ್ಲಿ ಒಬ್ಬ ಪೂಮಾ, 1949ರಲ್ಲಿ ಇನ್ನೊಬ್ಬ ಅಡಿಡಾಸ್ ಶುರು ಮಾಡಿದರಲ್ಲ, ನಮ್ಮವರೂ ಅನ್ನದ ತಟ್ಟೆ ಮುಂದೆ ಹಾಗೇ. ಪೂಮಾ ಬೇಗ ಹೋದ. ಆದಿಯನ್ನು ಕೇಳಿ ಬಂದವರ ಅಪಾರ್ಟ್‌ಮೆಂಟಿನಲ್ಲೆಲ್ಲ ಆದಿ ಅನ್ನೋ ಹುಡುಗರೇ. ಎರಡು ಮನೆಯವರು ಅದೇ ಕಾರಣಕ್ಕೆ ಹಿಂದೆ ಸರಿದರು. ಜಾರಾ ಅಂತ ಇಡೋಕೆ ಹೋದರೆ ಪಕ್ಕದ ರಸ್ತೆಯಲ್ಲಿ ಆ ಹೆಸರಿನ ಮಗು ಇತ್ತು. ಆ ಕಂಪನಿಯ ಕಥೆಯೂ ಇದೇ. 1975ರಲ್ಲಿ ಸ್ಪೇನಿನಲ್ಲಿ ಮೊದಲ ಅಂಗಡಿಗೆ ಜೋರ್ಬಾ ಅಂತ ಹೆಸರಿಡಬೇಕು ಅಂದುಕೊಂಡಿದ್ದರಂತೆ, ಹತ್ತಿರದಲ್ಲೇ ಅದೇ ಹೆಸರಿನ ಬಾರ್ ಇತ್ತು ಅಂತ ಇದ್ದ ಅಕ್ಷರಗಳನ್ನೇ ತಿರುವಿ ಜಾರಾ ಮಾಡಿದರು. ಅಷ್ಟು ದೊಡ್ಡವರೇ ಪಕ್ಕದ ಮನೆ ನೋಡಿಕೊಂಡು ಹೆಸರಿಟ್ಟ ಮೇಲೆ ನಾವು ಯಾವ ಲೆಕ್ಕ.

ಕಾಲರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಜೀನ್ಸ್ ಕಾಲಿನ ತುಂಡು ಸುತ್ತಳತೆಯಲ್ಲಿ ಹದಿನಾಲ್ಕು ಹದಿನೈದು ಇಂಚು ಬರುತ್ತದೆ, ಎರಡು ತಿಂಗಳ ಮರಿಗೆ ಧಾರಾಳ. ನಾಲ್ಕು ಮಡಿಕೆ ಮಾಡಿ ಮುಕ್ಕಾಲು ಇಂಚಿಗೆ ತರುತ್ತೇನೆ. ಪಕ್ಕದ ಹೊಲಿಗೆ ಸೇರುವ ಕಡೆ ಮಡಿಕೆ ಗಟ್ಟಿ, ಹದಿನೆಂಟರ ದಪ್ಪ ಸೂಜಿಯೂ ಪಟ್ ಅಂತ ಮುರಿಯುತ್ತದೆ. ಆ ಜಾಗವನ್ನು ಮೊದಲು ಸುತ್ತಿಗೆಯಿಂದ ಚೆನ್ನಾಗಿ ತಟ್ಟಿ ಚಪ್ಪಟೆ ಮಾಡಿ, ಆಮೇಲೆ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಬೇಕು. ಒಂದು ಕಡೆ ಅಗಲ ಎಲಾಸ್ಟಿಕ್ ಎರಡು ಇಂಚು ಸೇರಿಸಿದರೆ ಮರಿ ಬೆಳೆದರೂ ಬಿಗಿಯಲ್ಲ, ಎಲ್ಲಾದರೂ ಸಿಕ್ಕಿಕೊಂಡರೆ ತಲೆ ಜಾರಿಸಿಕೊಂಡು ಬರುತ್ತದೆ.

ಹೊಸ ಜೀನ್ಸ್ ತುಂಡು ಮಾತ್ರ ತೊಳೆಯದೆ ಹಾಕಲೇಬೇಡಿ. ಬಿಳಿ ಮರಿ ಲೀ ಒಂದು ರಾತ್ರಿ ಮಳೆಯಲ್ಲಿ ನೆನೆದು ಬೆಳಿಗ್ಗೆ ನೋಡಿದರೆ ಕುತ್ತಿಗೆ ಸುತ್ತ ನೀಲಿ ಉಂಗುರ. ಸೋಪಿಗೂ ಹೋಗಲಿಲ್ಲ. ಅದೇ ವಾರ ನೋಡೋಕೆ ಬಂದವರು "ಚರ್ಮದ ಕಾಯಿಲೆನಾ ಮೇಡಂ?" ಅಂತ ಕೇಳಿ ಹೊರಟೇಹೋದರು. ಬಣ್ಣ ನಿಲ್ಲುತ್ತದೆ ಅಂತ ಉಪ್ಪು ನೀರು ನೆಚ್ಚಿಕೊಂಡು ಕೂರಬೇಡಿ, ಬಣ್ಣ ಬಿಡೋದು ನಿಲ್ಲುವವರೆಗೆ ತೊಳೆಯೋದೇ ದಾರಿ. ಹಾಗೇ ಬ್ರ್ಯಾಂಡ್ ಲೇಬಲ್ ಇದ್ದರೆ ಬಿಚ್ಚಿಬಿಡುತ್ತೇನೆ. ಗುಂಪಿನ ವಕೀಲರೊಬ್ಬರು ಕೇಸ್ ಬೀಳುತ್ತದೆ ಅಂತ ಹೆದರಿಸಿದ್ದರು. ನಾಯಿಯನ್ನು ಪೀಟರ್ ಅಂತ ಕರೆದರೆ ಯಾರ ಗಂಟೂ ಹೋಗಲ್ಲ, ನಾನೇನು ಮರಿ ಮಾರುತ್ತಿಲ್ಲ. ಅಮೆರಿಕದಲ್ಲಿ ನಾಯಿ ಕಚ್ಚಿ ಆಡೋ ಬ್ಯಾಗಿಗೆ ಚ್ಯೂಯಿ ವಿಟಾನ್ ಅಂತ ಹೆಸರಿಟ್ಟವರ ಮೇಲೆ ಲೂಯಿ ವಿಟಾನ್ ಕೇಸ್ ಹಾಕಿ 2007ರಲ್ಲಿ ಸೋತಿತ್ತು. ಆದರೂ ಲೇಬಲ್ ಇಟ್ಟುಕೊಂಡು ಕಾಲರ್ ಮಾರೋಕೆ ಹೋಗಬೇಡಿ, ಅದು ಬೇರೆ ಮಾತು.

ನಡುವೆ ನಮ್ಮ ಬಟ್ಟೆಗಳನ್ನೂ ಪ್ರಯೋಗ ಮಾಡಿದೆ. ಒಂದು ಸೂಲಿಗೆ ಇಳಕಲ್, ಖಣ, ಕಸೂತಿ, ಮೊಳಕಾಲ್ಮೂರು. ಗುಳೇದಗುಡ್ಡದ ಖಣದ ತುಂಡಿನಲ್ಲಿ ಹೊಲಿದ ಕಾಲರ್ ಫೋಟೊದಲ್ಲಿ ಎಷ್ಟು ಚಂದ ಇತ್ತು ಅಂದರೆ ಫೋನ್ ಬಂದದ್ದೆಲ್ಲ "ಆ ಬಟ್ಟೆ ಎಲ್ಲಿ ಸಿಗುತ್ತೆ?" ಅಂತ. ಮರಿಯನ್ನು ಕೇಳಿದವರು ಕಡಿಮೆ. ಕಾಲರ್ ಎರಡನೇ ದಿನ ಅದೇ ಸೂಲಿನ ಅಣ್ಣ ಮರಿಯ ಬಾಯಲ್ಲಿ ಚಿಂದಿ. ಕಸೂತಿ ಮಾತ್ರ ಧಾರವಾಡ ಕಡೆಯವರೊಬ್ಬರಿಗೆ ಹೆಸರಿನಿಂದಲೇ ಇಷ್ಟವಾಗಿ ಹೋದಳು. ಮೊಳಕಾಲ್ಮೂರು ಮೊಳ ಆಗಿ, ಆಮೇಲೆ ಮೊಲ ಆಯಿತು. ರೇಷ್ಮೆ ಸೀರೆಯ ಜರಿ ಅಂಚು ಹಾಕೋ ಆಸೆ ಇದ್ದರೆ ಬಿಡಿ, ಕುತ್ತಿಗೆ ಕೆರೆದುಕೊಂಡು ಕೂದಲು ಉದುರುತ್ತದೆ. ಮಣ್ಣು ಬಣ್ಣದ ಮರಿಗೆ ಖಾದಿ ಅಂತ ಇಟ್ಟಾಗ ನಮ್ಮ ಹಳೇ ಗಿರಾಕಿ ಒಬ್ಬರು ಬೇಜಾರು ಮಾಡಿಕೊಂಡರು. "ಹುಬ್ಬಳ್ಳಿಯ ಬೆಂಗೇರಿಯಲ್ಲಿ ದೇಶದ ಬಾವುಟ ಹೊಲಿಯೋ ಬಟ್ಟೆ ಅಮ್ಮಾ ಅದು." ವಯಸ್ಸಾದವರು, ವಾದ ಮಾಡಲಿಲ್ಲ. ಮರಿ ಕಾಟನ್ ಆಯಿತು.

ಇಷ್ಟೆಲ್ಲ ಆದ ಮೇಲೆ ನನಗೆ ಅನ್ನಿಸಿರೋದು ಇದು. ದುಬಾರಿ ಹೆಸರು ಫೋನ್ ತರುತ್ತದೆ, ಮನೆ ತರಲ್ಲ. ಗುಚ್ಚಿ, ಪ್ರಾಡಾ, ಫೆಂಡಿ ಅಂತ ಹಾಕಿದಾಗ ಫೋನ್ ನಿಲ್ಲುತ್ತಲೇ ಇರಲಿಲ್ಲ. ಅರ್ಧ ಜನ ಅದು ಜಾತಿ ನಾಯಿ ಅಂದುಕೊಂಡವರು. "ಮೇಡಂ, ಗುಚ್ಚಿ ಶಿಟ್ಜುನಾ?" ಫೋಟೊದಲ್ಲಿ ಪಕ್ಕಾ ಬೀದಿ ಮರಿ ಎರಡು ಕಿವಿ ಎರಡು ಕಡೆ ಮಾಡಿಕೊಂಡು ಕೂತಿದ್ದರೂ! ಮನೆ ನೋಡೋಕೆ ಅಂತ ಪೆಟ್ರೋಲು ಸುಟ್ಟದ್ದೇ ಏಳೆಂಟು ನೂರು. ಪ್ರಾಡಾ ಒಂದು ಮನೆಗೆ ಹೋಗಿ ಮೂರು ವಾರಕ್ಕೆ ವಾಪಸ್ ಬಂದಳು, ಹೋಗುವಾಗ ಹಾಕಿದ್ದ ಗುಲಾಬಿ ಫ್ರಾಕಿನ ಸಮೇತ.

ಅದೇ ಪೀಟರ್, ಆಲನ್, ಲೆವಿ, ಪೆಪೆ ಅಂದರೆ ಜನರ ಬೀರುವಿನಲ್ಲಿ ಆಗಲೇ ನೇತಾಡುತ್ತಿರೋ ಹೆಸರು. ಬಂದ ಗಂಡಸರು ಮೊದಲು ಹೇಳೋದೇ "ಇವನ ಶರ್ಟ್ ನನ್ನ ಹತ್ರ ಇದೆ" ಅಂತ. ನಕ್ಕ ಮೇಲೆ ಕೆಳಗೆ ಕೂರುತ್ತಾರೆ, ಕೂತ ಮೇಲೆ ಮರಿ ಮಡಿಲಿಗೆ ಬರುತ್ತದೆ. ಮುಂದಿನದ್ದು ಮರಿಯ ಕೆಲಸ. ಹೀಗೆ ಹೋದ ಮರಿಗಳಲ್ಲಿ ವಾಪಸ್ ಬಂದದ್ದು ನನಗೆ ನೆನಪಿಲ್ಲ. ಈಗ ದುಬಾರಿ ಹೆಸರು ಮುಟ್ಟೋದೇ ಇಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಲಸಿಕೆ, ಹುಳದ ಔಷಧಿ, ಊಟ ಸೇರಿ ಒಂದು ಮರಿಗೆ ಎರಡೂವರೆ ಮೂರು ಸಾವಿರ ಆಗೇ ಆಗುತ್ತದೆ. ಲಸಿಕೆ, ಔಷಧಿ ಖರ್ಚಿಗೆ ಹೆಸರು ಏನೂ ಮಾಡಲ್ಲ. ಉಳಿಯೋದು ಊಟದಲ್ಲಿ. ಐದು ಮರಿ ಎರಡು ತಿಂಗಳು ಬೇಗ ಹೋದರೆ ಅಕ್ಕಿ, ಮೊಟ್ಟೆ, ಕೋಳಿ ಕಾಲು ಅಂತ ಆರೇಳು ಸಾವಿರ ಮಿಗುತ್ತದೆ. ಅದರಲ್ಲಿ ಒಂದು ಹೆಣ್ಣು ನಾಯಿಗೆ ಮತ್ತೆ ಮರಿ ಆಗದ ಹಾಗೆ ಆಪರೇಷನ್ ಮುಗಿಸಬಹುದು. ನಾನು ಮಾಡಿಸಿದ್ದೂ ಹಾಗೇ.

ಫೋಟೊ ಜೊತೆ ಹಾಕೋ ಮೊದಲ ಸಾಲು ಏನು ಬರೆಯುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಹೇಳಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಹೆಸರು ಒಂದೇ ರಾತ್ರಿಯಲ್ಲಿ ಮರಿಯ ಕಿವಿಗೆ ಹತ್ತಿಸೋಕೆ ಕೈಯಲ್ಲಿ ಏನು ಹಿಡಿದಿರುತ್ತೇನೆ ಅನ್ನೋದನ್ನೂ ಹೇಳಲ್ಲ. ಬಿಸ್ಕೆಟ್ ಅಲ್ಲ, ಅಷ್ಟು ಮಾತ್ರ.

ಈಗ ಹಿತ್ತಲಲ್ಲಿರೋದು ಬನಿಯನ್ ಸೂಲು. ಗುಂಪಿನಲ್ಲಿ ಮತ್ತೆ ನಗು, "ಅಕ್ಕಾ, ಚಡ್ಡಿಗೆ ಇಳಿದುಬಿಟ್ರಾ?" ನಗಲಿ. ಜಾಕಿ ಅನ್ನೋದಕ್ಕಿಂತ ಒಳ್ಳೆ ನಾಯಿ ಹೆಸರು ನಮ್ಮ ಊರುಗಳಲ್ಲಿ ಯಾವುದಿದೆ? ಅವನು ಮೊದಲ ವಾರವೇ ಹೋದ. ಡಾಲರ್‌ನನ್ನು ನಂಜನಗೂಡಿನ ಕಿರಾಣಿ ಅಂಗಡಿಯವರು ಹೆಸರು ಕೇಳಿಯೇ ಒಯ್ದರು. ರೂಪಾ ಅಂತ ಇಡಲಿಲ್ಲ, ಎದುರು ಮನೆಯವರ ಸೊಸೆ ಹೆಸರು ಅದೇ. ಲಕ್ಸ್ ಒಬ್ಬಳೇ ಇದ್ದಾಳೆ, ಕಂದು ಬಣ್ಣ, ಮೂರು ತಿಂಗಳು, ಲಸಿಕೆ ಎರಡು ಆಗಿದೆ. ಅತ್ತೆ ಲಚ್ಚಿ ಅಂತ ಕರೆಯೋಕೆ ಶುರು ಮಾಡಿದ್ದಾರೆ, ಅದಕ್ಕೇ ತಿರುಗುತ್ತಾಳೆ. ಮೈಸೂರು, ಮಂಡ್ಯ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ. ಮನೆ ನೋಡದೆ ಕೊಡಲ್ಲ.