ಚಮಚ ಓರೆ ಮಾಡಿ ನೋಡಿದ ಮೇಲೆ

ಆರು ತಿಂಗಳು ತುಂಬಿದ ವಾರವೇ ಮಗಳಿಗೆ ರಾಗಿ ಸರಿ ಶುರು ಮಾಡಿದೆ. ಗಟ್ಟಿಯಾದರೆ ಗಂಟಲಿಗೆ ಸಿಕ್ಕೀತೆಂಬ ಭಯದಲ್ಲಿ ತಿಂಗಳಿಡೀ ನೀರಿನಂತೆ ತೆಳ್ಳಗೆ ಕಾಯಿಸಿ ಕುಡಿಸಿದೆ. ಅಂಗನವಾಡಿಯಲ್ಲಿ ತೂಕ ಹಾಕಿದರೆ ಮುಳ್ಳು ಹೆಚ್ಚುಕಡಿಮೆ ಹಿಂದಿನ ತಿಂಗಳಿದ್ದಲ್ಲೇ ನಿಂತಿತು. ಕಾರ್ಯಕರ್ತೆ ನನ್ನ ಡಬ್ಬಿ ತೆರೆಸಿ, ಚಮಚ ಓರೆ ಮಾಡಿದರು. ಸರಿ ಸುರಿದೇ ಹೋಯಿತು. "ಇಷ್ಟು ಪುಟ್ಟ ಹೊಟ್ಟೆಗೆ ನೀರು ತುಂಬಿಸಿದರೆ ಊಟಕ್ಕೆ ಜಾಗ ಎಲ್ಲಿ ಅಕ್ಕ?" ಎಂದರು.

ಅಂದಿನಿಂದ ಚಮಚವೇ ನನ್ನ ಅಳತೆಗೋಲು. ಓರೆ ಮಾಡಿದರೆ ಸರಿ ಅಂಟಿಕೊಂಡು ನಿಧಾನವಾಗಿ ಜಾರಬೇಕು. ಹಿಟ್ಟನ್ನೂ ಮನೆಯಲ್ಲೇ ಮಾಡಿಕೊಂಡೆ: ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಮೊಳಕೆಯ ಹಿಟ್ಟು ಬೆಂದಾಗ ಬೇಗ ಮುದ್ದೆ ಕಟ್ಟುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ತಣ್ಣೀರಿನಲ್ಲೇ ಕದಡಿ ಒಲೆಗಿಟ್ಟರೆ ಗಂಟಾಗುವುದಿಲ್ಲ. ಉಪ್ಪು, ಸಕ್ಕರೆ, ಬೆಲ್ಲ ಯಾವುದನ್ನೂ ಹಾಕಲಿಲ್ಲ; ಇಳಿಸುವಾಗ ಅರ್ಧ ಚಮಚ ತುಪ್ಪ. ಮೊದಲು ಎರಡು ಮೂರು ಚಮಚ, ಆಮೇಲೆ ಅವಳು ಬಾಯಿ ತೆರೆದಷ್ಟು. ಎದೆಹಾಲು ಎಂದಿನಂತೆ ನಡೆದೇ ಇತ್ತು.

ಬೇಳೆ ಕಟ್ಟಿನದೂ ಇದೇ ಕಥೆ. ಶಕ್ತಿ ಬರುತ್ತದೆಂದು ತಿಳಿನೀರನ್ನೇ ಕುಡಿಸುತ್ತೇವೆ, ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ನಾನು ಹೆಸರುಬೇಳೆ ಅನ್ನವನ್ನು ಒಟ್ಟಿಗೆ ಬೇಯಿಸಿ ಕೈಯಲ್ಲೇ ನುಣ್ಣಗೆ ಕಿವುಚಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ ಆರು ತಿಂಗಳ ಹೊತ್ತಿಗೆ ಮಗು ಹುಟ್ಟುವಾಗ ತಂದ ಕಬ್ಬಿಣಾಂಶ ಮುಗಿಯುತ್ತ ಬಂದಿರುತ್ತದೆ. ಅದಕ್ಕೆ ರಾಗಿಯೊಂದೇ ಸಾಲದು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ ಎರಡು ಬಾರಿ, 1 ಮಿಲಿಲೀಟರ್‌ನಂತೆ ಹಾಕಿದೆವು. ಚೆನ್ನಾಗಿ ಬೆಂದ ಮೊಟ್ಟೆ, ಕಡಲೆಕಾಯಿಯ ನುಣ್ಣನೆ ಪುಡಿ ಬೆರೆಸಿದ ಸರಿ, ಇವನ್ನೂ ತಡಮಾಡದೆ ಕೊಟ್ಟೆ. ಹೊಸ ಪದಾರ್ಥವೆಂದರೆ ಒಂದೇ, ಅದೂ ಬೆಳಗ್ಗೆ. ಮೂರು ದಿನ ದದ್ದು, ವಾಂತಿ ಇದೆಯೇ ನೋಡಿ ಮುಂದಿನದು. ತೀವ್ರ ಚರ್ಮದ ಅಲರ್ಜಿ ಇರುವ ಮಕ್ಕಳಾದರೆ ಮೊಟ್ಟೆ, ಕಡಲೆಕಾಯಿ ಎರಡಕ್ಕೂ ಮೊದಲೇ ವೈದ್ಯರನ್ನು ಕೇಳಬೇಕು. ಇಡಿಯ ಕಡಲೆಕಾಯಿ ಬೀಜ, ಇಡಿಯ ದ್ರಾಕ್ಷಿ ಮನೆಯಲ್ಲಿ ಅವಳ ಕೈಗೆಟಕುವಲ್ಲಿ ಇರಲೇ ಇಲ್ಲ.

ಅತ್ತೆಯವರೊಂದಿಗೆ ಎರಡು ಜಗಳವಾಯಿತು. ಮೊದಲನೆಯದು ಜೇನುತುಪ್ಪದಲ್ಲಿ ತೇಯ್ದ ಬಜೆ. "ನಿನ್ನ ಗಂಡ ಅದನ್ನು ನೆಕ್ಕಿಯೇ ಬೆಳೆದದ್ದು ಕಣಮ್ಮ." ಜೇನಿನಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಕಾಯಿಸಿದರೂ ಸಾಯುವುದಿಲ್ಲ, ವರ್ಷದೊಳಗಿನ ಕರುಳು ಅದನ್ನು ತಡೆಯಲಾರದು ಎಂದು ನಾನು ಹೇಳಿದರೆ ಕೇಳಲಿಲ್ಲ, ವೈದ್ಯರು ಅಷ್ಟನ್ನೇ ಹೇಳಿದಾಗ ತಲೆದೂಗಿದರು. ಎರಡನೆಯದು ಬೆಳ್ಳಿ ಒಳಲೆ, ಮಕ್ಕಳ ಬಾಯಿಗೆ ಹಾಲು ಹೊಯ್ಯುವ ಮೂತಿಯಿರುವ ಪುಟ್ಟ ಬಟ್ಟಲು. ಕಾಲು ನೀಡಿ ಕುಳಿತು, ಮಗುವನ್ನು ಅಂಗಾತ ಮಲಗಿಸಿ, ಅಳುವಾಗಲೇ ಬಾಯಿಗೆ ಹೊಯ್ಯುತ್ತಿದ್ದರು. ಅಳುವ ಮಗು ಉಸಿರೆಳೆಯುವಾಗ ಸರಿ ಶ್ವಾಸನಾಳಕ್ಕೆ ಇಳಿಯಬಹುದು. ಕೊನೆಗೆ ಅವರ ಮಡಿಲಲ್ಲೇ ನೆಟ್ಟಗೆ ಕೂರಿಸಿ ಚಮಚದಲ್ಲಿ ತಿನ್ನಿಸುವುದೆಂದು ರಾಜಿಯಾಯಿತು.

ಎಂಟನೆಯ ತಿಂಗಳಲ್ಲಿ ಬೆಂದ ಕ್ಯಾರೆಟ್ ಚೂರು ಹಿಡಿದು ತಿನ್ನುತ್ತಿದ್ದವಳ ಮುಖ ಕೆಂಪಾಯಿತು, ನಾಲಿಗೆ ಹೊರಬಂತು, ಖೊಕ್ ಎಂದಳು. ನನ್ನ ಬೆರಳು ಅವಳ ಬಾಯಿಯ ತನಕ ಹೋಗಿ ನಿಂತಿತು. ಕೆಮ್ಮಿನ ಸದ್ದು ಇರುವವರೆಗೆ ಕೈಹಾಕಬೇಡಿ, ಕುರುಡಾಗಿ ತೋಡಿದರೆ ಚೂರು ಇನ್ನೂ ಒಳಗೆ ಹೋಗುತ್ತದೆ ಎಂದಿದ್ದರು ವೈದ್ಯರು. ಸದ್ದೇ ಇಲ್ಲದೆ ಉಸಿರು ಕಟ್ಟಿದರೆ ಮಾತ್ರ ತಲೆ ತಗ್ಗಿಸಿ ಕವುಚಿ ಹಿಡಿದು ಬೆನ್ನಿಗೆ ಐದು ಪೆಟ್ಟು, ತಿರುಗಿಸಿ ಎದೆಯ ನಡುವೆ ಐದು ಒತ್ತು. ಇದನ್ನು ಗೊಂಬೆಯ ಮೇಲೆ ಕಲಿತಿದ್ದೆ. ನನ್ನ ಕೈಯನ್ನು ನಾನೇ ಹಿಡಿದುಕೊಂಡೆ. ಚೂರು ಮಡಿಲಿಗೆ ಬಿತ್ತು; ಅವಳು ಅದನ್ನೇ ಹೆಕ್ಕಿ ಮತ್ತೆ ಬಾಯಿಗಿಟ್ಟಳು.

ಈಗ ಅವಳಿಗೆ ಹದಿನಾಲ್ಕು ತಿಂಗಳು, ನಮ್ಮ ತಟ್ಟೆಯ ಅನ್ನ ಸಾರನ್ನೇ ತಿನ್ನುತ್ತಾಳೆ. ಒಳಲೆಯಲ್ಲಿ ಅತ್ತೆ ತುಪ್ಪ ಬಡಿಸುತ್ತಾರೆ.