ಎರಡು ವರ್ಷದ ಕಾಲೇಜಿನ ಓಟದ ತಂಡವನ್ನು ನಾನು ತೂಗಿ ನೋಡಿದ ಬಗೆ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜುಗಳ, ಕ್ರೀಡಾ ವಿಭಾಗಗಳನ್ನು ಹೋಲಿಸಲು ಕುಳಿತಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಹಳೆಯ ವರ್ಷಗಳ ತಂಡದ ಪಟ್ಟಿಗಳನ್ನು. ಆಗ ನಾನು ಸನಿವೇಲ್‌ನ ಹೈಸ್ಕೂಲಿನಲ್ಲಿ ಕೊನೆಯ ವರ್ಷದಲ್ಲಿದ್ದೆ. 800 ಮೀಟರ್ ಮತ್ತು ಕ್ರಾಸ್ ಕಂಟ್ರಿ (ಬಯಲು, ದಿಬ್ಬಗಳ ಮೇಲಿನ ದೂರದ ಓಟ) ನನ್ನ ಓಟಗಳು. ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳು ಹುಡುಕಿಕೊಂಡು ಬರುವಷ್ಟು ವೇಗ ನನಗಿರಲಿಲ್ಲ, ಓಟ ಬಿಡುವ ಮನಸ್ಸೂ ಇರಲಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದುತ್ತ ಓಡುತ್ತ, ಜೀವಶಾಸ್ತ್ರಕ್ಕೆ ಬೇಕಾದ ಪಾಠಗಳನ್ನೆಲ್ಲ ಮುಗಿಸಿ, ಅಲ್ಲಿಂದ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗಬೇಕೆಂಬುದು ನನ್ನ ಯೋಜನೆ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಮನೆಗಳಲ್ಲಿ ಈ ಯೋಜನೆಯನ್ನು ಹೇಳುವುದು ಸುಲಭವಲ್ಲ. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಯಾರಾದರೂ ಆಂಟಿ "ಯಾವ ಯೂನಿವರ್ಸಿಟಿ ಪುಟ್ಟಿ?" ಎಂದು ಕೇಳಿದರೆ ಅಮ್ಮ ಮಾತು ತಿರುಗಿಸುತ್ತಿದ್ದಳು. ಅಪ್ಪನಿಗೆ ನೆನಪಿದ್ದದ್ದು ನಮ್ಮ ಊರಿನ ಸಿಇಟಿಯ ಕ್ರೀಡಾ ಕೋಟಾ. "ಓಡಿದ್ದಕ್ಕೆ ಸೀಟು ಕೊಡುತ್ತಾರಾ?" ಎಂದು ಕೇಳಿದ. ಇಲ್ಲಿ ಸೀಟಿನ ಪ್ರಶ್ನೆಯೇ ಇಲ್ಲ, ಹೈಸ್ಕೂಲು ಮುಗಿಸಿದ ಎಲ್ಲರಿಗೂ ಈ ಕಾಲೇಜುಗಳ ಬಾಗಿಲು ತೆರೆದಿರುತ್ತದೆ ಎಂದು ವಿವರಿಸಬೇಕಾಯಿತು. ಪಾಠಗಳ ಭಾರವನ್ನು ಇಲ್ಲಿ ಯೂನಿಟ್‌ಗಳಲ್ಲಿ ಅಳೆಯುತ್ತಾರೆ; ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕ. 12 ಯೂನಿಟ್ ತೆಗೆದುಕೊಂಡರೆ ಒಂದು ಸೆಮಿಸ್ಟರಿಗೆ 552 ಡಾಲರ್. ಅಪ್ಪನ ಮನಸ್ಸನ್ನು ಈ ಲೆಕ್ಕ ಅರ್ಧ ಗೆದ್ದಿತು. ಉಳಿದರ್ಧವನ್ನು ಗೆದ್ದದ್ದು ಪ್ಯಾಸಡೀನಾದ ಅಣ್ಣತಮ್ಮಂದಿರ ಕಥೆ. ಬೇಸ್‌ಬಾಲ್‌ನ ಜಾಕಿ ರಾಬಿನ್ಸನ್ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲು ಪ್ಯಾಸಡೀನಾ ಜೂನಿಯರ್ ಕಾಲೇಜಿನಲ್ಲಿ ಆಡಿದವರು. 1936ರ ಬರ್ಲಿನ್ ಒಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಜೆಸ್ಸಿ ಓವೆನ್ಸ್ ಹಿಂದೆ ಬೆಳ್ಳಿ ಗೆದ್ದ ಅವರ ಅಣ್ಣ ಮ್ಯಾಕ್ ಕೂಡ ಅದೇ ಕಾಲೇಜಿನವರು.

ಕ್ಯಾಲಿಫೋರ್ನಿಯಾದ ವ್ಯವಸ್ಥೆ ಅಮೆರಿಕದ ಉಳಿದ ರಾಜ್ಯಗಳಿಗಿಂತ ಬೇರೆ. ಇತರ ರಾಜ್ಯಗಳ ಬಹುತೇಕ ಎರಡು ವರ್ಷದ ಕಾಲೇಜುಗಳು ಎನ್‌ಜೆಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ ಆಡುತ್ತವೆ. ಅದರ ಮೊದಲೆರಡು ಡಿವಿಷನ್‌ಗಳಲ್ಲಿ (ಮಟ್ಟಗಳಲ್ಲಿ) ಕ್ರೀಡಾ ವಿದ್ಯಾರ್ಥಿವೇತನ ಕೊಡಬಹುದು. ಇಲ್ಲಿನ ಕಾಲೇಜುಗಳಿಗೆ ತಮ್ಮದೇ ರಾಜ್ಯ ಸಂಸ್ಥೆಯಿದೆ, 2023ರಿಂದ ಅದು 3ಸಿ2ಎ ಎಂಬ ಹೆಸರಿನಲ್ಲಿ ನಡೆಯುತ್ತಿದೆ, ಮತ್ತು ಇಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಇದರಿಂದ ಒಂದು ಅನುಕೂಲವಾಯಿತು. ಯಾವ ಕೋಚ್‌ನ ಕೈಯಲ್ಲೂ ಹಣವಿಲ್ಲದ್ದರಿಂದ, ತಂಡ ನನ್ನನ್ನು ಎಲ್ಲಿಗೆ ತಲುಪಿಸಬಲ್ಲದು ಎಂಬುದೊಂದನ್ನೇ ಇಟ್ಟುಕೊಂಡು ಕಾಲೇಜುಗಳನ್ನು ಹೋಲಿಸಲು ಸಾಧ್ಯವಾಯಿತು. ಹೊರರಾಜ್ಯದ ಒಂದು ಕಾಲೇಜು ಶುಲ್ಕ, ಪುಸ್ತಕ ಎರಡನ್ನೂ ಕೊಡುತ್ತೇನೆಂದು ಮುಂದೆ ಬಂದಿತ್ತು. ಆದರೆ ಯಾವ ಪಾಠ ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂದು ತೋರಿಸುವ ಅಸಿಸ್ಟ್ ತಾಣದಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಷ್ಟೇ ಇವೆ. ನಾನು ಮರಳಿ ಇಲ್ಲಿನ ವಿಶ್ವವಿದ್ಯಾಲಯಕ್ಕೇ ಬರಬೇಕೆಂದಿದ್ದೆ. ಆ ಕೊಡುಗೆಯನ್ನು ಕೈಬಿಟ್ಟೆ.

ಈಗ ಪಟ್ಟಿಗಳ ವಿಷಯ. ಪ್ರತಿ ಕಾಲೇಜಿನ ಕ್ರೀಡಾ ವಿಭಾಗವೂ ವರ್ಷವಾರು ತಂಡದ ಹೆಸರುಗಳನ್ನು ಪ್ರಕಟಿಸುತ್ತದೆ, ಯಾರು ಮೊದಲ ವರ್ಷ, ಯಾರು ಎರಡನೆಯ ವರ್ಷ ಎಂಬುದರ ಸಮೇತ. ಒಂದು ವರ್ಷದ ಮೊದಲ ವರ್ಷದವರ ಹೆಸರುಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದುಕೊಂಡೆ. ಮುಂದಿನ ವರ್ಷದ ಪಟ್ಟಿಯಲ್ಲಿ ಅವರಲ್ಲಿ ಯಾರು ಉಳಿದಿದ್ದಾರೆಂದು ಪಕ್ಕದಲ್ಲಿ ಗುರುತು ಹಾಕಿದೆ. ಅದಾದ ಮೇಲೆ ಪ್ರತಿ ಹೆಸರನ್ನೂ ನಾಲ್ಕು ವರ್ಷದ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಹುಡುಕಿದೆ. ಅಲ್ಲಿ ಓಟಗಾರರ ಪರಿಚಯದಲ್ಲಿ ಹಿಂದಿನ ಕಾಲೇಜಿನ ಹೆಸರನ್ನೂ ಹಾಕಿರುತ್ತಾರೆ. ನಿಧಾನದ ಕೆಲಸ, ಆದರೆ ಇಷ್ಟು ತಿಳಿವು ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಗೋಡೆಯ ತುಂಬ ಪದಕದ ಫಲಕಗಳಿದ್ದ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗಿಯರಲ್ಲಿ ಹೆಚ್ಚಿನವರು ಎರಡನೆಯ ವರ್ಷಕ್ಕೆ ಕಾಣುತ್ತಲೇ ಇರಲಿಲ್ಲ, ಬೇರೆ ಯಾವ ತಂಡದಲ್ಲೂ ಸಿಗಲಿಲ್ಲ. ಪ್ರತಿ ಶರತ್ಕಾಲದಲ್ಲೂ ಹೊಸಬರನ್ನು ತುಂಬಿಕೊಂಡು ಗೆಲ್ಲುವ ತಂಡ ಅದು. ರಾಜ್ಯಮಟ್ಟದಲ್ಲಿ ಹೆಸರೇ ಕೇಳದ ಮತ್ತೊಂದು ಕಾಲೇಜಿನಲ್ಲಿ ಮೊದಲ ವರ್ಷ ಕಂಡ ಹುಡುಗಿಯರೇ ಎರಡನೆಯ ವರ್ಷವೂ ಇದ್ದರು. ಅವರಲ್ಲಿ ಹಲವರು ರಾಜ್ಯ ಸರ್ಕಾರದ ಕ್ಯಾಲ್ ಸ್ಟೇಟ್ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಸಿಕ್ಕರು.

ಮಾಯವಾದ ಹೆಸರುಗಳಿಗೆಲ್ಲ ಕೋಚ್ ಹೊಣೆಯಲ್ಲ ಎಂಬುದು ನನಗೂ ಗೊತ್ತು. ಕೆಲಸಕ್ಕೆ ಸೇರುವವರಿದ್ದಾರೆ, ಮನೆ ಬಾಡಿಗೆ ತಾಳಲಾರದೆ ಊರು ಬಿಡುವವರಿದ್ದಾರೆ, ಓಟವನ್ನು ಬಿಟ್ಟು ಓದನ್ನು ಮುಂದುವರಿಸಿದವರಿದ್ದಾರೆ. ಹಾಗಾಗಿ ಪಟ್ಟಿಯಿಂದ ತೀರ್ಪು ಕೊಡದೆ ಅದನ್ನೇ ಪ್ರಶ್ನೆಯಾಗಿ ಒಯ್ದೆ. "ಹೋದ ವರ್ಷ ಬಂದ ಹುಡುಗಿಯರಲ್ಲಿ ಈ ವರ್ಷ ಇಲ್ಲದವರು ಈಗ ಏನು ಮಾಡುತ್ತಿದ್ದಾರೆ, ಕೋಚ್?" ಒಬ್ಬ ಕೋಚ್ ಒಬ್ಬೊಬ್ಬರದೂ ಹೇಳಿದರು: ಒಬ್ಬಳು ನರ್ಸಿಂಗ್‌ಗೆ ಸೇರಿದಳು, ಒಬ್ಬಳಿಗೆ ಮೊಳಕಾಲಿನ ಕೆಳಗಿನ ಮೂಳೆ ಸೀಳಿತ್ತು, ಒಬ್ಬಳ ತಾಯಿಗೆ ಕಾಯಿಲೆ. ಇನ್ನೊಬ್ಬ ಕೋಚ್ "ಎಲ್ಲರಿಗೂ ಇದು ಆಗಿಬರುವುದಿಲ್ಲ" ಎಂದು ಮುಗಿಸಿದರು. ಆ ಎರಡು ಉತ್ತರಗಳ ನಡುವಿನ ದೂರ ನನಗೆ ಸಾಕಾಗಿತ್ತು.

ವೇಗದ ಲೆಕ್ಕವನ್ನೂ ಹೀಗೆಯೇ ಮಾಡಿದೆ. ಒಬ್ಬ ಓಟಗಾರ್ತಿ ಹೈಸ್ಕೂಲಿನಿಂದ ಬಂದಾಗ ಎಷ್ಟಿದ್ದಳು, ಎರಡು ವರ್ಷದ ಬಳಿಕ ಎಷ್ಟಾದಳು ಎಂಬುದು ಓಟದ ಫಲಿತಾಂಶಗಳ ತಾಣವಾದ ಅಥ್ಲೆಟಿಕ್ ಡಾಟ್ ನೆಟ್‌ನಲ್ಲಿ ಸಿಗುತ್ತದೆ. ಆದರೆ ಇಲ್ಲಿನ ಹೈಸ್ಕೂಲುಗಳಲ್ಲಿ 1600 ಮತ್ತು 3200 ಮೀಟರ್ ಓಡಿಸುತ್ತಾರೆ, ಕಾಲೇಜಿನಲ್ಲಿ 1500 ಮತ್ತು 5000. ನೇರವಾಗಿ ಹೋಲಿಸಲು ಬರುವ ಓಟವೆಂದರೆ 800. ಕ್ರಾಸ್ ಕಂಟ್ರಿಯಲ್ಲಿ ಒಂದೊಂದು ಮೈದಾನದ ಏರಿಳಿತ ಒಂದೊಂದು ರೀತಿ, ಆ ಸಮಯಗಳನ್ನು ಪಕ್ಕಪಕ್ಕ ಇಟ್ಟರೆ ದಾರಿ ತಪ್ಪುತ್ತದೆ. ನಾನು 800 ಓಡಿದವರನ್ನು ಮಾತ್ರ ಆರಿಸಿಕೊಂಡು ನೋಡಿದೆ. ಆರಂಭದಲ್ಲೇ ವೇಗವಾಗಿದ್ದವಳು ವೇಗವಾಗಿಯೇ ಉಳಿದರೆ ಕೋಚ್‌ನ ಕೆಲಸ ತಿಳಿಯುವುದಿಲ್ಲ. ಸಾಧಾರಣವಾಗಿ ಬಂದವರು ಎಷ್ಟು ಸುಧಾರಿಸಿದರು ಎಂಬುದೇ ನನಗೆ ಮುಖ್ಯವಾಗಿತ್ತು, ಏಕೆಂದರೆ ನಾನೂ ಹಾಗೆಯೇ ಹೋಗುವವಳು.

ಇನ್ನೊಂದು ಲೆಕ್ಕ ತಲೆ ಎಣಿಕೆಯದು. ಕ್ರಾಸ್ ಕಂಟ್ರಿಯಲ್ಲಿ ಒಂದು ತಂಡದಿಂದ ಏಳು ಮಂದಿ ಓಡುತ್ತಾರೆ, ಮೊದಲು ಮುಗಿಸಿದ ಐವರ ಸ್ಥಾನಗಳನ್ನು ಕೂಡಿ ತಂಡದ ಅಂಕ ಬರುತ್ತದೆ. ಐವರಿಲ್ಲದ ತಂಡಕ್ಕೆ ಅಂಕವೇ ಇಲ್ಲ. ಮಹಿಳಾ ತಂಡಗಳಲ್ಲಿ ಇದು ನಿಜವಾದ ಸಮಸ್ಯೆ. ಹಳೆಯ ಫಲಿತಾಂಶಗಳಲ್ಲಿ ನಾಲ್ವರೇ ಓಡಿದ ಕಾಲೇಜುಗಳನ್ನು ಕಂಡೆ. ಅಂಥಲ್ಲಿ ಒಬ್ಬಳಿಗೆ ಜ್ವರ ಬಂದರೂ ಅವಳನ್ನು ಓಡಿಸುವ ಒತ್ತಡ ಇರುತ್ತದೆ.

ಸಾರ್ವಜನಿಕವಾಗಿ ಸಿಗುವ ಇನ್ನೊಂದು ದಾಖಲೆಯನ್ನು ನಮ್ಮವರು ಯಾರೂ ನೋಡಿದ್ದು ನಾನು ಕಂಡಿಲ್ಲ. ಅಮೆರಿಕದ ಶಿಕ್ಷಣ ಇಲಾಖೆಗೆ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ತನ್ನ ಕ್ರೀಡೆಗಳ ವರದಿ ಸಲ್ಲಿಸಬೇಕು. 1994ರ ಕಾನೂನು ಅದನ್ನು ಕಡ್ಡಾಯ ಮಾಡಿದೆ. ಇಲಾಖೆಯ ತಾಣದಲ್ಲಿ ಕಾಲೇಜಿನ ಹೆಸರು ಹಾಕಿದರೆ ಯಾವ ಆಟದಲ್ಲಿ ಎಷ್ಟು ಹೆಣ್ಣುಮಕ್ಕಳು, ಎಷ್ಟು ಗಂಡುಮಕ್ಕಳು, ಕೋಚ್ ಪೂರ್ಣಾವಧಿಯವರೋ ಅರೆಕಾಲಿಕರೋ, ಪ್ರಯಾಣ, ಊಟ, ವಸತಿ, ಉಡುಪು ಎಲ್ಲ ಸೇರಿ ಪಂದ್ಯಗಳಿಗೆ ಆದ ಖರ್ಚು ಎಷ್ಟು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಓಡುವವರು ಒಂದು ಎಚ್ಚರ ವಹಿಸಬೇಕು: ಕ್ರಾಸ್ ಕಂಟ್ರಿಯಲ್ಲೂ ಟ್ರ್ಯಾಕ್‌ನಲ್ಲೂ ಇರುವ ಹುಡುಗಿ ಎರಡು ಸಲ ಲೆಕ್ಕಕ್ಕೆ ಬಂದಿರಬಹುದು. ಅದೇ ವರದಿಯಲ್ಲಿ ಒಬ್ಬರನ್ನು ಒಮ್ಮೆಯೇ ಎಣಿಸಿದ ಸಂಖ್ಯೆಯೂ ಇರುತ್ತದೆ, ಅದನ್ನು ನೋಡಬೇಕು. ಒಂದೇ ಆಟಕ್ಕೆ ಗಂಡುಮಕ್ಕಳ ತಂಡದ ಖರ್ಚು ಹೆಣ್ಣುಮಕ್ಕಳದ್ದಕ್ಕಿಂತ ಬಹಳ ಹೆಚ್ಚಿದ್ದರೆ ಏಕೆಂದು ಕೇಳುವ ಹಕ್ಕು ಸೇರಲು ಬರುವವಳಿಗೆ ಇದೆ. ನಾನು ಕೇಳಿದೆ.

ಮನೆಯಲ್ಲಿ ಕುಳಿತು ಇಷ್ಟನ್ನು ಮುಗಿಸಿದ ಮೇಲೆ ಕೋಚ್‌ಗಳಿಗೆ ಬರೆದೆ. ತಮ್ಮ ನೇಮಕಾತಿ ವಲಯದ ಹೊರಗಿನ ವಿದ್ಯಾರ್ಥಿಯನ್ನು ಇಲ್ಲಿನ ಕೋಚ್‌ಗಳು ತಾವಾಗಿ ಮೊದಲು ಸಂಪರ್ಕಿಸುವಂತಿಲ್ಲ, ವಿದ್ಯಾರ್ಥಿಯೇ ಮೊದಲು ಬರೆಯಬೇಕು. ಈ ನಿಯಮ ಗೊತ್ತಿಲ್ಲದೆ "ನನ್ನನ್ನು ಯಾರೂ ಕೇಳಲಿಲ್ಲ" ಎಂದು ನೊಂದುಕೊಂಡ ಒಳ್ಳೆಯ ಓಟಗಾರ್ತಿಯರನ್ನು ನಾನು ಬಲ್ಲೆ. ನನ್ನ ಪತ್ರ ಚಿಕ್ಕದು: 800, 1600, 3200ರ ನನ್ನ ಸಮಯಗಳು, ಅಂಕಗಳ ಸರಾಸರಿ, ಓದಬೇಕೆಂದಿರುವ ವಿಷಯ, ಅಭ್ಯಾಸ ನೋಡಲು ಬರಬಹುದೇ ಎಂಬ ಕೇಳಿಕೆ.

ಪ್ರತಿ ಭೇಟಿಗೂ ಆ ಕಾಲೇಜಿನ ತರಗತಿ ವೇಳಾಪಟ್ಟಿಯನ್ನು ಮುದ್ರಿಸಿಕೊಂಡು ಹೋಗುತ್ತಿದ್ದೆ. ವಿಜ್ಞಾನ ಓದುವ ಕ್ರೀಡಾಪಟುವಿನ ನಿಜವಾದ ಕಷ್ಟ ಅಲ್ಲಿರುತ್ತದೆ. ರಸಾಯನಶಾಸ್ತ್ರದ ಪ್ರಯೋಗಾಲಯಗಳು ಮಧ್ಯಾಹ್ನಕ್ಕೇ ಬೀಳುತ್ತವೆ, ಅಭ್ಯಾಸವೂ ಮಧ್ಯಾಹ್ನವೇ. ಒಂದು ಕಾಲೇಜಿನಲ್ಲಿ ನನಗೆ ಬೇಕಾದ ಪ್ರಯೋಗಾಲಯದ ಎಲ್ಲ ಬ್ಯಾಚ್‌ಗಳೂ ಅಭ್ಯಾಸದ ಹೊತ್ತಿಗೇ ಇದ್ದವು. "ಮೊದಲ ವರ್ಷ ಸುಲಭದ ಪಾಠ ತೆಗೆದುಕೊ, ರಸಾಯನಶಾಸ್ತ್ರ ಆಮೇಲೆ ನೋಡೋಣ" ಎಂದರು ಅಲ್ಲಿನ ಕೋಚ್. ಸಾಮಾನ್ಯ ರಸಾಯನಶಾಸ್ತ್ರವೇ ಒಂದು ವರ್ಷದ ಸರಣಿ, ಅದು ಮುಗಿಯದೆ ಮುಂದಿನದು ತೆರೆಯುವುದಿಲ್ಲ. ಅವರ ಮಾತಿನಂತೆ ನಡೆದರೆ ಎರಡು ವರ್ಷ ಮೂರಾಗುತ್ತದೆ. ಇನ್ನೊಂದು ಕಡೆ ಕೋಚ್ ತಾವೇ ವೇಳಾಪಟ್ಟಿಯನ್ನು ಕೈಗೆ ತೆಗೆದುಕೊಂಡು, "ಮಂಗಳವಾರ, ಗುರುವಾರ ನೀನು ಬೆಳಿಗ್ಗೆ ಓಡು, ಇಬ್ಬರು ಹುಡುಗಿಯರು ಹಾಗೆಯೇ ಮಾಡುತ್ತಿದ್ದಾರೆ, ಅವರೊಂದಿಗೆ ಮಾತಾಡು" ಎಂದರು.

ಸೆಮಿಸ್ಟರ್ ಮತ್ತು ಕ್ವಾರ್ಟರ್ ವ್ಯತ್ಯಾಸವನ್ನೂ ತೂಗಬೇಕು. ನಮ್ಮ ಸುತ್ತಲಿನಲ್ಲಿ ಡಿ ಆನ್ಜಾ ಮತ್ತು ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳವು. ವೆಸ್ಟ್ ವ್ಯಾಲಿ, ಮಿಷನ್ ಸೆಮಿಸ್ಟರ್ ಪದ್ಧತಿಯವು. ಕ್ವಾರ್ಟರ್ ಕಾಲೇಜಿನಲ್ಲಿ ತರಗತಿ ಶುರುವಾಗುವುದು ಸೆಪ್ಟೆಂಬರ್ ಕೊನೆಗೆ, ಕ್ರಾಸ್ ಕಂಟ್ರಿ ಅಭ್ಯಾಸ ಆಗಸ್ಟ್‌ನಲ್ಲೇ. ಮೊದಲ ವಾರಗಳಲ್ಲಿ ಓಟವೊಂದೇ ಇರುತ್ತದೆ; ಆಮೇಲೆ ಪಾಠಗಳ ವೇಗ ಉಸಿರು ಕಟ್ಟಿಸುತ್ತದೆ. ನನಗೆ ಸೆಮಿಸ್ಟರ್ ಹಿಡಿಸಿತು.

ಅಂಕಗಳ ವಿಚಾರದಲ್ಲಿ ಕೋಚ್ "ಅರ್ಹತೆ" ಎಂದಾಗ ಯಾವ ಅರ್ಹತೆ ಎಂದು ಕೇಳಿಸಿಕೊಳ್ಳಬೇಕು. ಇಲ್ಲಿ ಆಡಲು 12 ಯೂನಿಟ್‌ಗಳಿಗೆ ದಾಖಲಾಗಿರಬೇಕು. ಎರಡನೆಯ ವರ್ಷ ಆಡಲು 24 ಸೆಮಿಸ್ಟರ್ ಯೂನಿಟ್ ಮುಗಿಸಿ 4ಕ್ಕೆ 2.0 ಸರಾಸರಿ ಉಳಿಸಿಕೊಂಡಿರಬೇಕು. ಆದರೆ ಇಲ್ಲಿಂದ ವಿಶ್ವವಿದ್ಯಾಲಯಗಳ ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೇಲ್ಮಟ್ಟವಾದ ಡಿವಿಷನ್ ಒಂದಕ್ಕೆ ಹೋದೊಡನೆ ಓಡಬೇಕಾದರೆ ವರ್ಗಾಯಿಸಬಹುದಾದ ಪಾಠಗಳಲ್ಲಿ 2.5 ಬೇಕು, ದೈಹಿಕ ಶಿಕ್ಷಣದ ಚಟುವಟಿಕೆ ತರಗತಿಗಳಲ್ಲಿ ಎರಡು ಯೂನಿಟ್ ಮಾತ್ರ ಲೆಕ್ಕಕ್ಕೆ ಬರುತ್ತವೆ. ತಂಡದ ಅಭ್ಯಾಸಕ್ಕೂ ಯೂನಿಟ್ ಸಿಗುತ್ತದೆ, ಅದನ್ನು ಸೇರಿಸಿ ಹನ್ನೆರಡು ತುಂಬಿಸಿದ ಹುಡುಗಿಗೆ ಇಲ್ಲಿ ಓಡಲು ಅಡ್ಡಿಯಿಲ್ಲ, ಮುಂದೆ ಹೋಗಲು ಅಡ್ಡಿಯಿದೆ. ಕ್ರೀಡಾಪಟುಗಳಿಗೆಂದೇ ಕೌನ್ಸೆಲರ್ ಇದ್ದಾರೆಯೇ ಎಂದು ಪ್ರತಿ ಕಡೆ ಕೇಳಿದೆ, ಇದ್ದ ಕಡೆ ಅವರನ್ನೂ ಕಂಡು ಬಂದೆ.

ಅಭ್ಯಾಸ ನೋಡಲು ಹೋದಾಗ ನನ್ನ ಕಣ್ಣು ಎಲ್ಲರಿಗಿಂತ ನಿಧಾನ ಓಡುವ ಹುಡುಗಿಯ ಮೇಲಿತ್ತು. ಅವಳು ಮುಗಿಸುವ ತನಕ ಕೋಚ್ ಗಡಿಯಾರ ಹಿಡಿದು ನಿಲ್ಲುತ್ತಾರೋ ಇಲ್ಲವೋ? ನಾನು ಕೊನೆಗೆ ಸೇರಿದ ಕಾಲೇಜಿನಲ್ಲಿ ನಿಂತರು, ಅವಳ ಸಮಯವನ್ನೂ ಜೋರಾಗಿ ಹೇಳಿ ಬರೆದುಕೊಂಡರು. ಎರಡನೆಯ ವರ್ಷದ ಹುಡುಗಿಯರ ಜೊತೆ ಕೋಚ್ ಇಲ್ಲದಾಗ ಮಾತಾಡಲು ಸಮಯ ಕೇಳಿಕೊಂಡೆ. "ಪೆಟ್ಟಾದಾಗ ಏನಾಯಿತು?" ಎಂಬುದು ನನ್ನ ಮೊದಲ ಪ್ರಶ್ನೆ. ಪೆಟ್ಟು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಅಭ್ಯಾಸದ ಹೊತ್ತಿನಲ್ಲಿ ಸಿಗುತ್ತಾರೋ, ಫುಟ್‌ಬಾಲ್ ತಂಡದವರ ಸರದಿ ಮುಗಿದ ಮೇಲೆಯೋ? ಮತ್ತೆ ಓಡಬಹುದೆಂದು ನಿರ್ಧರಿಸುವವರು ಟ್ರೈನರೋ ಕೋಚೋ?

ನಮ್ಮ ಹೆಣ್ಣುಮಕ್ಕಳಿಗಾಗಿ ಇನ್ನೊಂದು ಮಾತು. ದೂರ ಓಡುವ ಹುಡುಗಿಯರಿಗೆ ಕಬ್ಬಿಣಾಂಶ ಕುಸಿಯುವುದು ಸಾಮಾನ್ಯ, ಸಸ್ಯಾಹಾರಿಗಳಿಗೆ ಇನ್ನೂ ಹೆಚ್ಚು. ಖರ್ಚು ಮಾಡುವ ಶಕ್ತಿಗೆ ತಕ್ಕಷ್ಟು ತಿನ್ನದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಅದಕ್ಕೇ ಎರಡು ವಿಷಯಗಳನ್ನು ನೇರವಾಗಿ ಕೇಳಿದೆ: ತೂಕ ನೋಡುತ್ತೀರಾ, ಪ್ರಯಾಣದಲ್ಲಿ ಸಸ್ಯಾಹಾರಿಗಳಿಗೆ ಊಟ ಏನು? ತೂಕದ ಯಂತ್ರದ ಮೇಲೆ ಹುಡುಗಿಯರನ್ನು ಸಾಲು ನಿಲ್ಲಿಸುವ ತಂಡಕ್ಕೆ ನಾನು ಸೇರುತ್ತಿರಲಿಲ್ಲ, ಅಲ್ಲಿಂದ ಎಷ್ಟೇ ಪದಕ ಬರಲಿ. ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಮೊದಲ ಭೇಟಿಯಲ್ಲೇ ಹೇಳಿದ ಕೋಚ್ ಒಬ್ಬರಿದ್ದರು. ಅಮ್ಮ ಜೊತೆಗಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ, "ಈ ಮೇಡಂ ಹತ್ತಿರ ಬಿಟ್ಟರೆ ನನಗೆ ನಿಶ್ಚಿಂತೆ" ಎಂದಳು.

ಆ ಮೇಡಂ ಇದ್ದ ಕಾಲೇಜನ್ನೇ ಸೇರಿದೆ. ಟ್ರ್ಯಾಕ್ ಹಳೆಯದು, ರಬ್ಬರು ಅಲ್ಲಲ್ಲಿ ಕಿತ್ತಿತ್ತು; ನೋಡಿದ ಕಾಲೇಜುಗಳಲ್ಲೆಲ್ಲ ಕಳಪೆ ಎನ್ನಬಹುದು. ಒಂದೇ ತಂಡದ ಜೊತೆ ಎರಡು ಶರತ್ಕಾಲ ಓಡಿದೆ. ರಾಜ್ಯ ಪಂದ್ಯ ನಡೆಯುವ ಫ್ರೆಸ್ನೋದ ವುಡ್‌ವರ್ಡ್ ಪಾರ್ಕಿಗೂ ಹೋಗಿ ಬಂದೆ.

ಈಗ ಸೇರುವವರು ನಾನು ನೋಡಬೇಕಿರದ ಒಂದನ್ನು ನೋಡಬೇಕು. ಕಾಲೇಜು ಕ್ರೀಡಾಪಟುಗಳಿಗೆ ಹಣ ಕೊಡುವ ಕುರಿತ ಹೌಸ್ ಪ್ರಕರಣದಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದಿಂದ, ಅದಕ್ಕೆ ಒಳಪಟ್ಟ ಡಿವಿಷನ್ ಒಂದರ ವಿಶ್ವವಿದ್ಯಾಲಯಗಳಲ್ಲಿ ತಂಡದ ಗಾತ್ರಕ್ಕೆ ಮಿತಿ ಬಂದಿದೆ; ಕ್ರಾಸ್ ಕಂಟ್ರಿಗೆ 17 ಮಂದಿ. ವಿದ್ಯಾರ್ಥಿವೇತನವಿಲ್ಲದೆ ತಂಡದ ಅಂಚಿನಲ್ಲಿ ಸೇರಿಕೊಳ್ಳುತ್ತಿದ್ದ ನನ್ನಂಥವರ ಜಾಗ ಕಿರಿದಾಗಿದೆ. ಆದ್ದರಿಂದ ಕೋಚ್‌ನ ಹಳೆಯ ವಿದ್ಯಾರ್ಥಿನಿಯರು ಡಿವಿಷನ್ ಎರಡು, ಮೂರು ಮತ್ತು ಚಿಕ್ಕ ಕಾಲೇಜುಗಳ ಬೇರೊಂದು ಸಂಸ್ಥೆಯಾದ ಎನ್‌ಎಐಎಯ ತಂಡಗಳಿಗೂ ಹೋಗಿದ್ದಾರೆಯೇ, ಅಲ್ಲಿನ ಕೋಚ್‌ಗಳೊಂದಿಗೆ ಇವರಿಗೆ ಮಾತುಕತೆ ಇದೆಯೇ ಎಂದು ಕೇಳಿಕೊಳ್ಳಿ.

ಹಾಗೆಯೇ ಸೆಪ್ಟೆಂಬರ್ ತಿಂಗಳ ಬಗ್ಗೆ ಕೇಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿ) ಆರು ಕ್ಯಾಂಪಸ್‌ಗಳು ಕಮ್ಯುನಿಟಿ ಕಾಲೇಜಿನವರಿಗೆ ಕೊಡುವ ಪ್ರವೇಶ ಖಾತರಿಗೆ ಅರ್ಜಿ ಹಾಕುವುದು ಸೆಪ್ಟೆಂಬರ್ 1ರಿಂದ 30ರೊಳಗೆ, ಎರಡನೆಯ ವರ್ಷದ ಓಟದ ಋತು ಕಾವೇರುವ ಹೊತ್ತಿಗೆ. ನಮ್ಮ ಕೋಚ್ ಆ ತಿಂಗಳಲ್ಲಿ ವಾರಕ್ಕೊಂದು ಅಭ್ಯಾಸವನ್ನು ಅರ್ಧಕ್ಕೆ ನಿಲ್ಲಿಸಿ, ಎರಡನೆಯ ವರ್ಷದವರನ್ನೆಲ್ಲ ಕೌನ್ಸೆಲರ್ ಕೋಣೆಗೆ ಕಳುಹಿಸುತ್ತಿದ್ದರು.